ಹೂಡದೆ ಉಳಿದ ಮೊಕದ್ದಮೆ

2009ರ ಜನವರಿ 2ರಂದು ನ್ಯೂ ಆರ್ಲಿಯನ್ಸಿನಲ್ಲಿ ನಡೆದ, ಋತುವಿನ ಕೊನೆಯ ದೊಡ್ಡ ಪಂದ್ಯಗಳಲ್ಲೊಂದಾದ ಶುಗರ್ ಬೌಲ್‌ನಲ್ಲಿ ಯೂಟಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವು, ಆ ಋತುವಿನಲ್ಲಿ ಹಲವು ವಾರ ಮೊದಲ ಸ್ಥಾನದಲ್ಲಿದ್ದ ಅಲಬಾಮಾವನ್ನು 31-17ರಿಂದ ಸೋಲಿಸಿತು. ಅಲ್ಲಿಗೆ ಯೂಟಾದ ಲೆಕ್ಕ ಹದಿಮೂರು ಪಂದ್ಯ, ಹದಿಮೂರು ಗೆಲುವು. ಅಮೆರಿಕದ ಕಾಲೇಜು ಫುಟ್‌ಬಾಲಿನ ಮೇಲ್ದರ್ಜೆಯಲ್ಲಿ ಆ ವರ್ಷ ಸೋಲನ್ನೇ ಕಾಣದ ತಂಡ ಅದೊಂದೇ. ಆರು ದಿನಗಳ ಬಳಿಕ ಒಂದೊಂದು ಪಂದ್ಯ ಸೋತಿದ್ದ ಫ್ಲೋರಿಡಾ ಮತ್ತು ಓಕ್ಲಹೋಮಾ ಪರಸ್ಪರ ಆಡಿದವು. ಗೆದ್ದ ಫ್ಲೋರಿಡಾ ರಾಷ್ಟ್ರೀಯ ಚಾಂಪಿಯನ್ ಎನಿಸಿತು. ತಂಡಗಳ ಶ್ರೇಯಾಂಕಕ್ಕಾಗಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ನಡೆಸುವ ಮತದಾನದಲ್ಲಿ ಪತ್ರಕರ್ತರ ಪೈಕಿ ಹದಿನಾರು ಮಂದಿ ಯೂಟಾಗೆ ಮೊದಲ ಸ್ಥಾನ ಕೊಟ್ಟರು. ತರಬೇತುದಾರರ ಮತದಾನದಲ್ಲಾದರೋ ಅಂತಿಮ ಪಂದ್ಯ ಗೆದ್ದವರನ್ನೇ ಮೊದಲಿಗರೆಂದು ಬರೆಯಬೇಕೆಂಬ ಕಟ್ಟುಪಾಡಿತ್ತು. ಯೂಟಾದ ತರಬೇತುದಾರ ಕೈಲ್ ವಿಟಿಂಗ್‌ಹ್ಯಾಮ್ ಅದನ್ನು ಮುರಿದು ತಮ್ಮ ತಂಡದ ಹೆಸರನ್ನೇ ಬರೆದರು.

ಈ ಆಟದ ನಿಯಮಗಳನ್ನು ನಾನು ಅರೆಬರೆ ಬಲ್ಲೆ. ಆದರೆ ಆಟದ ಹಿಂದಿರುವ ಕರಾರುಗಳನ್ನೂ ತೀರ್ಪುಗಳನ್ನೂ ಓದುವುದರಲ್ಲಿ ನನಗೆ ಆಟಕ್ಕಿಂತ ಹೆಚ್ಚು ರುಚಿ ಹತ್ತಿದೆ. ಗೆಲ್ಲುತ್ತಲೇ ಹೋದ ತಂಡವೊಂದು ಪ್ರಶಸ್ತಿಗೆ ಆಡುವ ಅವಕಾಶವನ್ನೇ ಪಡೆಯದಿರುವುದು ಕ್ರೀಡೆಯ ಅನ್ಯಾಯವೋ ಅಥವಾ ಏಕಸ್ವಾಮ್ಯ ವಿರೋಧಿ ಕಾನೂನಿನ ಉಲ್ಲಂಘನೆಯೋ ಎಂಬ ಪ್ರಶ್ನೆಯನ್ನು ಅಮೆರಿಕದ ಸೆನೆಟರ್‌ಗಳು, ಅಟಾರ್ನಿ ಜನರಲ್‌ಗಳು, ನ್ಯಾಯಾಂಗ ಇಲಾಖೆ, ಕೊನೆಗೆ ಅಧ್ಯಕ್ಷ ಒಬಾಮಾ ಕೂಡ ಒಂದಲ್ಲ ಒಂದು ರೀತಿಯಲ್ಲಿ ಎತ್ತಿದರು. ಆದರೂ ಯೂಟಾ ಹೂಡುತ್ತೇನೆಂದ ಮೊಕದ್ದಮೆ ಕೊನೆಗೂ ದಾಖಲಾಗಲಿಲ್ಲ.

ವಿಷಯದ ಬೇರು 1984ರಲ್ಲಿದೆ. ಅಲ್ಲಿಯವರೆಗೆ ಕಾಲೇಜು ಫುಟ್‌ಬಾಲಿನ ದೂರದರ್ಶನ ಪ್ರಸಾರವನ್ನು ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಘವೇ ಹಿಡಿತದಲ್ಲಿಟ್ಟುಕೊಂಡಿತ್ತು. ಎರಡು ವರ್ಷಗಳ ಅವಧಿಯಲ್ಲಿ ಒಂದು ತಂಡ ಆರಕ್ಕಿಂತ ಹೆಚ್ಚು ಬಾರಿ ಪರದೆಯ ಮೇಲೆ ಬರುವಂತಿರಲಿಲ್ಲ. ಓಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಇದನ್ನು ಪ್ರಶ್ನಿಸಿದವು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಟೀವನ್ಸ್ ಬರೆದ ಬಹುಮತದ ತೀರ್ಪಿನಲ್ಲಿ ಒಂದು ಉದಾಹರಣೆ ಬರುತ್ತದೆ. 1981ರ ಒಂದು ವಾರಾಂತ್ಯದಲ್ಲಿ ಓಕ್ಲಹೋಮಾ ಮತ್ತು ಸದರ್ನ್ ಕ್ಯಾಲಿಫೋರ್ನಿಯಾ ನಡುವಿನ ಪಂದ್ಯವು ಇನ್ನೂರಕ್ಕೂ ಹೆಚ್ಚು ಕೇಂದ್ರಗಳಲ್ಲಿ ಪ್ರಸಾರವಾಯಿತು, ಸಿಟಡೆಲ್ ಮತ್ತು ಅಪಲೇಚಿಯನ್ ಸ್ಟೇಟ್ ನಡುವಿನ ಪಂದ್ಯ ಕೇವಲ ನಾಲ್ಕು ಕೇಂದ್ರಗಳಲ್ಲಿ. ಆದರೆ ನಾಲ್ಕೂ ತಂಡಗಳಿಗೆ ಸಿಕ್ಕ ಹಣ ಒಂದೇ. ಬೇಡಿಕೆಗೂ ಬೆಲೆಗೂ ಸಂಬಂಧವೇ ಇಲ್ಲದ ಮಾರುಕಟ್ಟೆ ಇದು ಎಂದು ತೋರಿಸಲು ಬೇರೆ ಸಾಕ್ಷಿ ಬೇಕಿರಲಿಲ್ಲ. ಏಕಸ್ವಾಮ್ಯವನ್ನು ತಡೆಯುವ 1890ರ ಶರ್ಮನ್ ಕಾಯ್ದೆಯ ಅಡಿಯಲ್ಲಿ ಆ ಯೋಜನೆ 7-2ರ ಬಹುಮತದಿಂದ ಬಿದ್ದುಹೋಯಿತು.

ಅದೇ ತೀರ್ಪಿನ ಇನ್ನೊಂದು ಭಾಗವನ್ನು ಮುಂದಿನವರೆಲ್ಲ ಮತ್ತೆ ಮತ್ತೆ ಕೆದಕಿದರು. ಪೈಪೋಟಿಯಲ್ಲಿರುವ ವ್ಯಾಪಾರಿಗಳು ಒಟ್ಟು ಸೇರಿ ಬೆಲೆ ಕಟ್ಟಿದರೆ ನ್ಯಾಯಾಲಯವು ಸಾಮಾನ್ಯವಾಗಿ ಹೆಚ್ಚು ವಿಚಾರಿಸದೆಯೇ ಅದನ್ನು ತಪ್ಪೆಂದು ಹೇಳಿಬಿಡುತ್ತದೆ. ಆದರೆ ಕ್ರೀಡೆಯಲ್ಲಿ ಎದುರಾಳಿಗಳು ಒಪ್ಪಂದಕ್ಕೆ ಬಾರದಿದ್ದರೆ ಆಟವೇ ಇಲ್ಲ. ಮೈದಾನದ ಅಳತೆಯಿಂದ ಹಿಡಿದು ವೇಳಾಪಟ್ಟಿಯವರೆಗೆ ಎಲ್ಲವೂ ಒಪ್ಪಂದವೇ. ಹೀಗಾಗಿ ಪ್ರತಿಯೊಂದು ಕಟ್ಟುಪಾಡಿನ ಒಳಿತು ಕೆಡುಕುಗಳನ್ನು ತೂಗಿ ನೋಡಬೇಕೆಂದು ನ್ಯಾಯಾಲಯ ಹೇಳಿತು. ತಕ್ಕಡಿ ಕೈಗೆ ಬಂದ ಮೇಲೆ ಫಲಿತಾಂಶವನ್ನು ಮುಂಚಿತವಾಗಿ ಊಹಿಸುವುದು ಕಷ್ಟ.

ಭಿನ್ನಮತದ ತೀರ್ಪು ಬರೆದ ಬೈರನ್ ವೈಟ್ ಸ್ವತಃ ಕೊಲರಾಡೋ ವಿಶ್ವವಿದ್ಯಾಲಯದ ಹೆಸರಾಂತ ಆಟಗಾರರಾಗಿದ್ದವರು, ವೃತ್ತಿಪರ ಫುಟ್‌ಬಾಲನ್ನೂ ಆಡಿದ್ದವರು. ಹಣವು ಕಾಲೇಜು ಆಟದ ಗುರಿಯಾಗದಂತೆ ತಡೆಯುವುದೇ ಈ ಮಿತಿಗಳ ಉದ್ದೇಶ ಎಂಬುದು ಅವರ ನಿಲುವಾಗಿತ್ತು. ಹಾಗೆಂದು ಎನ್‌ಸಿಎಎ ಹಿಡಿತವನ್ನು ನಾನು ಸಮರ್ಥಿಸಲಾರೆ. ಆದರೂ ಮುಂದೆ ನಡೆದದ್ದನ್ನು ನೋಡಿದಾಗ, ಮೈದಾನದಲ್ಲಿ ಬೆವರು ಹರಿಸಿದ್ದ ಆ ಒಬ್ಬ ನ್ಯಾಯಮೂರ್ತಿ ಉಳಿದವರಿಗಿಂತ ಸ್ವಲ್ಪ ಮುಂದಕ್ಕೆ ಕಂಡಿದ್ದರೆಂದು ನನಗೆ ಅನಿಸುತ್ತದೆ. ಏಕೆಂದರೆ ಸಂಘದ ಕೈಯಿಂದ ಜಾರಿದ ಅಧಿಕಾರ ಒಂದೊಂದು ಕಾಲೇಜಿಗೆ ಹಂಚಿಹೋಗಿ ಅಲ್ಲಿಯೇ ನಿಲ್ಲಲಿಲ್ಲ; ಅದು ಕಾನ್ಫರೆನ್ಸ್‌ಗಳೆಂಬ ಪ್ರಾದೇಶಿಕ ಒಕ್ಕೂಟಗಳ ಕೈಗೆ ಬಂದು ಸೇರಿತು.

ಎನ್‌ಸಿಎಎ ಬೇರೆಲ್ಲ ದರ್ಜೆಗಳ ಫುಟ್‌ಬಾಲಿಗೆ ಪ್ಲೇಆಫ್ ನಡೆಸುತ್ತದೆ, ಮೇಲ್ದರ್ಜೆಗೆ ಮಾತ್ರ ಇಲ್ಲ. ಅಲ್ಲಿ ಋತುವಿನ ಕೊನೆಗೆ ರೋಸ್, ಶುಗರ್, ಆರೆಂಜ್, ಫಿಯೆಸ್ಟಾ ಮುಂತಾದ ಬೌಲ್ ಪಂದ್ಯಗಳು ನಡೆಯುತ್ತಿದ್ದವು. ಪತ್ರಕರ್ತರೂ ತರಬೇತುದಾರರೂ ಮತ ಹಾಕಿ ಚಾಂಪಿಯನ್ನರನ್ನು ಹೆಸರಿಸುತ್ತಿದ್ದರು. 1998ರಲ್ಲಿ ಆರು ದೊಡ್ಡ ಕಾನ್ಫರೆನ್ಸ್‌ಗಳು ಈ ನಾಲ್ಕು ಬೌಲ್‌ಗಳೊಂದಿಗೆ ಕರಾರು ಮಾಡಿಕೊಂಡು ಬಿಸಿಎಸ್ ಎಂಬ ವ್ಯವಸ್ಥೆಯನ್ನು ಕಟ್ಟಿದವು. ಮತಗಳನ್ನೂ ಗಣಕಯಂತ್ರದ ಶ್ರೇಯಾಂಕಗಳನ್ನೂ ಬೆರೆಸಿ ಮೊದಲ ಇಬ್ಬರನ್ನು ಆರಿಸಿ ಅವರನ್ನು ಪ್ರಶಸ್ತಿಗಾಗಿ ಆಡಿಸುವುದು ಅದರ ಕ್ರಮ. ಈ ಆರು ಕಾನ್ಫರೆನ್ಸ್‌ಗಳ ಚಾಂಪಿಯನ್ನರಿಗೆ ದೊಡ್ಡ ಬೌಲ್‌ಗಳಲ್ಲಿ ಸ್ಥಾನ ಖಚಿತ. ಉಳಿದವರು ಶ್ರೇಯಾಂಕದಲ್ಲಿ ಬಹಳ ಮೇಲೆ ಬಂದರೆ ಒಂದು ಕುರ್ಚಿ ಸಿಕ್ಕೀತು. ಒಂದೇ ಪಂಕ್ತಿಯಲ್ಲಿ ಕೂರಿಸಿ ಬೇರೆ ಬೇರೆ ಅಡುಗೆ ಬಡಿಸಿದ ಹಾಗೆ.

ಕಾನೂನಿನ ಕಣ್ಣಲ್ಲಿ ಇದು ಎಷ್ಟು ದುರ್ಬಲವಾಗಿತ್ತು? ವಿರೋಧಿಗಳ ವಾದ ಸರಳವಾಗಿತ್ತು: ಪೈಪೋಟಿಯಲ್ಲಿರುವ ಮಾರಾಟಗಾರರು ಕೂಡಿಕೊಂಡು, ಅತ್ಯಂತ ಲಾಭದ ಪಂದ್ಯಗಳಿಂದ ಇತರ ಮಾರಾಟಗಾರರನ್ನು ಹೊರಗಿಟ್ಟಿದ್ದಾರೆ, ಹೊರಗಿರುವವರು ಮೈದಾನದಲ್ಲಿ ಎಷ್ಟೇ ಗೆದ್ದರೂ ಒಳಗಿನವರ ಹಣಕ್ಕೆ ಧಕ್ಕೆಯಿಲ್ಲ. ಆದರೆ ಸಮರ್ಥಕರ ಉತ್ತರ ನಾನು ಮೊದಲು ಎಣಿಸಿದ್ದಕ್ಕಿಂತ ಗಟ್ಟಿಯಾಗಿತ್ತು. ಬಿಸಿಎಸ್‌ಗಿಂತ ಮುಂಚೆ ಬಿಗ್ ಟೆನ್ ಮತ್ತು ಪ್ಯಾಕ್-10 ಎಂಬ ಕಾನ್ಫರೆನ್ಸ್‌ಗಳ ಚಾಂಪಿಯನ್ನರು ರೋಸ್ ಬೌಲ್‌ಗೆ ಕಟ್ಟುಬಿದ್ದಿದ್ದರು, ಆದ್ದರಿಂದ ಮೊದಲ ಎರಡು ಸ್ಥಾನದವರು ಎದುರುಬದುರಾಗುವ ಖಾತ್ರಿಯೇ ಇರಲಿಲ್ಲ. ಹಿಂದೆ ಇಲ್ಲದ ಸರಕನ್ನು ಈ ಕರಾರು ಮಾರುಕಟ್ಟೆಗೆ ತಂದಿದೆ, ಉತ್ಪಾದನೆ ಹೆಚ್ಚಿಸಿದ್ದನ್ನು ನಿರ್ಬಂಧ ಎನ್ನುವುದು ಹೇಗೆ? ಇದಕ್ಕಿಂತ ದೊಡ್ಡ ತೊಡಕು ಪರಿಹಾರದ್ದು. ನ್ಯಾಯಾಲಯ ಒಂದು ಕರಾರನ್ನು ರದ್ದುಮಾಡಬಹುದು, ಆದರೆ ಪ್ಲೇಆಫ್ ನಡೆಸಿರೆಂದು ಆಜ್ಞೆ ಮಾಡುವುದು ಅದಕ್ಕೆ ಸುಲಭವಲ್ಲ. ಮೊಕದ್ದಮೆ ಗೆದ್ದರೆ ಯೂಟಾಗೆ ಸಿಗಬಹುದಾಗಿದ್ದದ್ದು ಪ್ರಶಸ್ತಿಯ ಪಂದ್ಯವಲ್ಲ, ಯಾರಿಗೂ ಪ್ರಶಸ್ತಿಯ ಪಂದ್ಯವಿಲ್ಲದ ಹಳೆಯ ಕಾಲ. ಪ್ಲೇಆಫ್ ಬಂದರೂ ಅದು ಅದೇ ಎದುರಾಳಿಗಳ ನಡುವಿನ ಇನ್ನೊಂದು ಒಪ್ಪಂದವೇ ತಾನೇ?

ನಮ್ಮ ಓದುಗರಿಗೆ ಇಲ್ಲಿ ಬಿಸಿಸಿಐ ನೆನಪಾಗಬಹುದು. 2013ರಲ್ಲಿ ಭಾರತದ ಸ್ಪರ್ಧಾ ಆಯೋಗವು ಅದಕ್ಕೆ 52.24 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಮೇಲ್ಮನವಿಯಲ್ಲಿ ಆ ಆದೇಶ ಬಿದ್ದರೂ 2017ರಲ್ಲಿ ಆಯೋಗ ಮತ್ತೆ ಅದೇ ಮೊತ್ತದ ದಂಡ ಹಾಕಿತು. ಹೋಲಿಕೆ ಅರ್ಧದಷ್ಟೇ ಸರಿ. ಅಲ್ಲಿನ ದೂರು ಎಲ್ಲವೂ ಒಂದೇ ಸಂಸ್ಥೆಯ ಮುಷ್ಟಿಯಲ್ಲಿದೆ ಎಂಬುದು. ಅಮೆರಿಕದಲ್ಲಿ ಕೇಂದ್ರ ಸಂಸ್ಥೆ ಕೈಚೆಲ್ಲಿ ಕುಳಿತಿತ್ತು. 2011ರ ಮೇ ತಿಂಗಳಲ್ಲಿ ನ್ಯಾಯಾಂಗ ಇಲಾಖೆಯ ಕ್ರಿಸ್ಟೀನ್ ವಾರ್ನಿ ಅವರು ಎನ್‌ಸಿಎಎ ಅಧ್ಯಕ್ಷ ಮಾರ್ಕ್ ಎಮರ್ಟ್ ಅವರಿಗೆ ಪತ್ರ ಬರೆದು, ಮೇಲ್ದರ್ಜೆಯ ಫುಟ್‌ಬಾಲಿಗೆ ಮಾತ್ರ ಪ್ಲೇಆಫ್ ಏಕಿಲ್ಲವೆಂದು ಕೇಳಿದಾಗ, ಬಿಸಿಎಸ್ ತಮ್ಮ ಅಧೀನದಲ್ಲಿಲ್ಲ ಎಂಬರ್ಥದ ಉತ್ತರವೇ ಬಂದಿತು.

ಹಾಗಾದರೆ ಕಾನೂನು ಏನೂ ಮಾಡಲಿಲ್ಲವೇ? ಮಾಡಿತು, ಆದರೆ ಹೊಲದ ಬೆದರುಬೊಂಬೆಯಂತೆ ನಿಂತಲ್ಲೇ ನಿಂತು. 1998ರಲ್ಲಿ ಒಂದೂ ಪಂದ್ಯ ಸೋಲದೆ ಹೊರಗುಳಿದ ಟುಲೇನ್ ವಿಶ್ವವಿದ್ಯಾಲಯದ ಅಧ್ಯಕ್ಷ ಸ್ಕಾಟ್ ಕವನ್ 2003ರಲ್ಲಿ ಹೊರಗಿನ ವಿಶ್ವವಿದ್ಯಾಲಯಗಳನ್ನು ಒಗ್ಗೂಡಿಸಿದರು, ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. ಮರುವರ್ಷ ಐದನೆಯ ದೊಡ್ಡ ಪಂದ್ಯ ಸೇರಿಸಲು ಒಪ್ಪಿಗೆಯಾಗಿ ಬಾಗಿಲು ಗೇಣುದ್ದ ತೆರೆಯಿತು. 2009ರ ಜುಲೈಯಲ್ಲಿ ಯೂಟಾದ ಸೆನೆಟರ್ ಆರಿನ್ ಹ್ಯಾಚ್ ವಿಚಾರಣೆ ಏರ್ಪಡಿಸಿದರು, ಅದೇ ರಾಜ್ಯದ ಅಟಾರ್ನಿ ಜನರಲ್ ಮಾರ್ಕ್ ಶರ್ಟ್‌ಲೆಫ್ ಮೊಕದ್ದಮೆ ಹೂಡುವೆನೆಂದರು. 2012ರ ಜೂನಿನಲ್ಲಿ ನಾಲ್ಕು ತಂಡಗಳ ಪ್ಲೇಆಫ್‌ಗೆ ವಿಶ್ವವಿದ್ಯಾಲಯಗಳ ಅಧ್ಯಕ್ಷರು ಒಪ್ಪಿದರು. ಅದಕ್ಕೆ ಅಲಬಾಮಾ ಮತ್ತು ಎಲ್‌ಎಸ್‌ಯು ಎಂಬ ಒಂದೇ ಕಾನ್ಫರೆನ್ಸಿನ ಎರಡು ತಂಡಗಳು ಅಂತಿಮ ಪಂದ್ಯ ಆಡಿದ್ದರ ಬಗ್ಗೆ ಒಳಗಿನವರಲ್ಲೇ ಹುಟ್ಟಿದ್ದ ಅಸಮಾಧಾನ ಹೆಚ್ಚು ಕಾರಣವೋ, ವಕೀಲರ ಭಯ ಹೆಚ್ಚು ಕಾರಣವೋ ಎಂದು ಬೇರ್ಪಡಿಸುವುದು ಕಷ್ಟ. ಎರಡೂ ಇದ್ದವೆಂದೇ ನನ್ನ ಎಣಿಕೆ.

ಅಷ್ಟರಲ್ಲಿ ಅತಿ ಹೆಚ್ಚು ಗಂಟಲು ಹರಿದುಕೊಂಡವರು ಒಳಗೆ ಸೇರಿಯಾಗಿತ್ತು. ಯೂಟಾ 2011ರಲ್ಲಿ, ಹಿಂದಿನ ಪ್ಯಾಕ್-10ರ ಹೊಸ ಹೆಸರಾದ ಪ್ಯಾಕ್-12ರ ಸದಸ್ಯನಾಯಿತು. 2010ರ ಋತುವಿನಲ್ಲಿ ಅಜೇಯವಾಗಿ ರೋಸ್ ಬೌಲ್ ಗೆದ್ದರೂ ಪ್ರಶಸ್ತಿಗೆ ಆಡಲಾಗದಿದ್ದ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) 2012ರಲ್ಲಿ ಬಿಗ್ 12 ಎಂಬ ದೊಡ್ಡ ಕಾನ್ಫರೆನ್ಸಿಗೆ ಹೋಯಿತು. ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡ ಮೇಲೆ ಬಡಿಸುವವರ ಮೇಲೆ ದೂರು ಹೇಳುವವರು ಯಾರು?

2014ರ ಋತುವಿನಿಂದ ನಾಲ್ಕು ತಂಡ, 2024ರಿಂದ ಹನ್ನೆರಡು. ನಡುವೆ 2023ರಲ್ಲಿ ಹದಿಮೂರಕ್ಕೆ ಹದಿಮೂರನ್ನೂ ಗೆದ್ದ ಫ್ಲೋರಿಡಾ ಸ್ಟೇಟ್ ಹೊರಗುಳಿದು, ಒಂದು ಪಂದ್ಯ ಸೋತಿದ್ದ ಅಲಬಾಮಾ ಒಳಗೆ ಬಂದಾಗ ಫ್ಲೋರಿಡಾದ ಅಟಾರ್ನಿ ಜನರಲ್ ಅದೇ ಹಳೆಯ ಕಾನೂನನ್ನು ಕೈಗೆತ್ತಿಕೊಂಡು ತನಿಖೆ ಆರಂಭಿಸಿದರು. ಈ ಸಲ ಹೊರಗುಳಿದದ್ದು ಸಣ್ಣ ಕಾನ್ಫರೆನ್ಸಿನ ಬಡಪಾಯಿಯಲ್ಲ, ಬಿಸಿಎಸ್ ಕಟ್ಟಿದ ಆರರಲ್ಲೇ ಒಂದಾದ ಎಸಿಸಿಯ ಚಾಂಪಿಯನ್.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಾಣುವುದು ಮೌಂಟನ್ ವೆಸ್ಟ್ ಕಾನ್ಫರೆನ್ಸಿನ ಪಾಡು. 2008ರಲ್ಲಿ ಯೂಟಾ, ಟಿಸಿಯು ಎರಡೂ ಆಡುತ್ತಿದ್ದದ್ದು ಅಲ್ಲಿಯೇ. 2009ರಲ್ಲಿ ಎಂಟು ತಂಡಗಳ ಪ್ಲೇಆಫ್ ಪ್ರಸ್ತಾಪವನ್ನು ಬಿಸಿಎಸ್ ಮುಂದಿಟ್ಟು ತಿರಸ್ಕಾರ ಉಂಡದ್ದೂ ಅದೇ. ಮುಂದೆ ಪ್ಯಾಕ್-12ರ ಹನ್ನೆರಡು ಸದಸ್ಯರಲ್ಲಿ ಹತ್ತು ಮಂದಿ ಹೆಚ್ಚಿನ ಪ್ರಸಾರದ ಹಣದತ್ತ ನಡೆದರು, ಯೂಟಾ ಕೂಡ ಬಿಗ್ 12ಕ್ಕೆ ಹೋಯಿತು. ಉಳಿದದ್ದು ಆರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಎರಡೇ. 2024ರ ಋತುವಿಗೆ ಆ ಇಬ್ಬರಿಗೆ ಆಡಲು ಪಂದ್ಯಗಳನ್ನು ಕೊಟ್ಟ ಮೌಂಟನ್ ವೆಸ್ಟ್, ನಮ್ಮ ಸದಸ್ಯರನ್ನು ಸೆಳೆದುಕೊಂಡರೆ ತಲೆಗೆ ಇಷ್ಟೆಂದು ದಂಡ ತೆರಬೇಕೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸಿತು. ಬೋಯಿಸಿ ಸ್ಟೇಟ್ ಸೇರಿದಂತೆ ಐದು ತಂಡಗಳು ಹೊರಟವು, ದಂಡ ಐದೂವರೆ ಕೋಟಿ ಡಾಲರ್ ಮುಟ್ಟಿತು. 2024ರ ಸೆಪ್ಟೆಂಬರಿನಲ್ಲಿ ಪ್ಯಾಕ್-12 ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿ, ಈ ದಂಡವು ಸ್ಪರ್ಧೆಯನ್ನು ಹತ್ತಿಕ್ಕುತ್ತದೆ ಎಂದು ದೂರಿತು. ಒಂದು ಕಾಲದಲ್ಲಿ ಏಕಸ್ವಾಮ್ಯದ ಬಲಿಪಶು ಎಂದು ಸೆನೆಟ್ ವಿಚಾರಣೆಯಲ್ಲಿ ಕನಿಕರ ಗಳಿಸಿದ್ದ ಮೌಂಟನ್ ವೆಸ್ಟ್ ಆ ದಾವೆಯಲ್ಲಿ ಪ್ರತಿವಾದಿ.