ಎಣಿಕೆ ಬೇರೆ, ಇಣುಕುವುದು ಬೇರೆ

ದೀಪಾವಳಿಗೆ ಊರಿಗೆ ಹೊರಟಿದ್ದೆ. ಸಾಗರದ ರಾತ್ರಿ ಬಸ್ಸು ತುಮಕೂರು ದಾಟುವ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಸುದ್ದಿಯೊಂದನ್ನು ಕಳುಹಿಸಿದರು. ಹಿಂದಿನ ದಿನ, 2025ರ ಅಕ್ಟೋಬರ್ 17ರಂದು, ಗೂಗಲ್ ತನ್ನ ಪ್ರೈವಸಿ ಸ್ಯಾಂಡ್‌ಬಾಕ್ಸ್ ಎಂಬ, ಜನರ ಬೆನ್ನು ಹತ್ತದೆ ಜಾಹೀರಾತು ನಡೆಸುವ ಯೋಜನೆಯ ಹೆಚ್ಚಿನ ತಂತ್ರಜ್ಞಾನಗಳನ್ನು ಕೈಬಿಡುವುದಾಗಿ ಪ್ರಕಟಿಸಿತ್ತು. ಪಟ್ಟಿಯ ಮೇಲೆ ಕಣ್ಣಾಡಿಸಿದೆ. ಜಾಹೀರಾತಿನ ಫಲವನ್ನು ಅಳೆಯುವ ಆಟ್ರಿಬ್ಯೂಷನ್ ರಿಪೋರ್ಟಿಂಗ್ ಎಪಿಐ ಎಂಬ ಹೆಸರೂ ಅಲ್ಲಿತ್ತು. ಬೆಂಗಳೂರಿನ ಒಂದು ಸಣ್ಣ ಜಾಹೀರಾತು ಮಾಪನ ಕಂಪನಿಯಲ್ಲಿ ಎರಡೂವರೆ ವರ್ಷದಿಂದ ನಾನು ಮಾಡುತ್ತ ಬಂದದ್ದು ಅದೊಂದೇ ಕೆಲಸ. ಮೊಬೈಲ್ ಆರಿಸಿ ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಅದೇನು ಕೆಲಸ ಎಂದು ಮನೆಯಲ್ಲಿ ಕೇಳಿದಾಗಲೆಲ್ಲ ಹೇಳುವುದು ಇಷ್ಟು. ಒಬ್ಬರು ಸೀರೆಯ ಜಾಹೀರಾತು ಕೊಡುತ್ತಾರೆ. ಅದನ್ನು ನೋಡಿದವರಲ್ಲಿ ಎಷ್ಟು ಮಂದಿ ಸೀರೆ ಕೊಂಡರು ಎಂಬುದು ಅವರಿಗೆ ಗೊತ್ತಾಗಬೇಕು, ಇಲ್ಲದಿದ್ದರೆ ದುಡ್ಡು ಹೊಳೆಗೆ ಸುರಿದಂತೆ. ಇದು ನ್ಯಾಯವಾದ ಪ್ರಶ್ನೆ. ಆದರೆ ಉತ್ತರ ಸಿಗುತ್ತಿದ್ದ ದಾರಿ ಸರಿಯಿರಲಿಲ್ಲ. ಥರ್ಡ್ ಪಾರ್ಟಿ ಕುಕಿ ಎಂಬ ಒಂದು ಚೀಟಿಯನ್ನು ನಿಮ್ಮ ಬ್ರೌಸರ್‌ನಲ್ಲಿ ಇಟ್ಟು, ನೀವು ಸುದ್ದಿ ಓದುವಲ್ಲಿ, ಔಷಧಿ ಹುಡುಕುವಲ್ಲಿ, ಸೀರೆ ನೋಡುವಲ್ಲಿ ಎಲ್ಲ ಕಡೆಯೂ ಅದೇ ಚೀಟಿಯನ್ನು ಓದಿ, ಈ ಮೂರೂ ಮಂದಿ ಒಬ್ಬರೇ ಎಂದು ಗುರುತು ಹಿಡಿಯುವುದು. ಒಂದು ಸೀರೆಯ ಲೆಕ್ಕ ಸಿಗುವುದಕ್ಕಾಗಿ ಒಬ್ಬರ ಇಡೀ ದಿನಚರಿ ಬೇರೆಯವರ ಕೈಗೆ ಹೋಗುತ್ತದೆ.

2023ರ ಜುಲೈನಿಂದ ಗೂಗಲ್‌ನ ಕ್ರೋಮ್ ಬ್ರೌಸರ್‌ನಲ್ಲಿ ಎಲ್ಲರಿಗೂ ದೊರೆಯತೊಡಗಿದ ಆಟ್ರಿಬ್ಯೂಷನ್ ರಿಪೋರ್ಟಿಂಗ್ ಸೌಲಭ್ಯ ಆ ದಾರಿಯನ್ನು ತಲೆಕೆಳಗು ಮಾಡಿತು. ಅದು ಕೆಲಸ ಮಾಡುತ್ತಿದ್ದ ಬಗೆ ಇದು. ಜಾಹೀರಾತು ಒತ್ತಿದ ನೆನಪು ನಿಮ್ಮ ಬ್ರೌಸರ್‌ನೊಳಗೇ ಉಳಿಯುತ್ತದೆ. ಮುಂದೆ ಸೀರೆ ಕೊಂಡರೆ ಎರಡನ್ನೂ ಹೊಂದಿಸಿ ನೋಡುವುದು ಬ್ರೌಸರ್, ನಾವಲ್ಲ. ಆಮೇಲೆ ಅದು ಬೇಕೆಂದೇ ತಡಮಾಡಿ, ಎರಡು, ಏಳು ಅಥವಾ ಮೂವತ್ತು ದಿನದ ಗಡುವು ಮುಗಿದ ಮೇಲೆ, ನಮಗೊಂದು ಪುಟ್ಟ ವರದಿ ಕಳುಹಿಸುತ್ತದೆ. ಏನಾಯಿತು ಎಂಬುದಕ್ಕೆ ಅದರಲ್ಲಿ ಇರುವ ಜಾಗ ಮೂರು ಬಿಟ್, ಅಂದರೆ ಸೊನ್ನೆಯಿಂದ ಏಳರವರೆಗಿನ ಒಂದು ಸಂಖ್ಯೆ. ಹೆಚ್ಚಿನ ವಿವರ ಬೇಕಿದ್ದರೆ ಇನ್ನೊಂದು ಬಗೆಯ ವರದಿಯಿದೆ. ಅದು ಬೀಗ ಹಾಕಿಕೊಂಡೇ ಬರುತ್ತದೆ, ನಮಗೆ ಬಿಡಿಬಿಡಿಯಾಗಿ ತೆರೆಯಲು ಬರುವುದಿಲ್ಲ. ಸಾವಿರಾರನ್ನು ಒಟ್ಟುಗೂಡಿಸಿ ಒಂದು ಭದ್ರ ಯಂತ್ರಕ್ಕೆ ಹಾಕಿದರೆ ಮೊತ್ತವಷ್ಟೇ ಹೊರಬರುತ್ತದೆ, ಅದೂ ಬೇಕೆಂದೇ ಸೇರಿಸಿದ ಸ್ವಲ್ಪ ಬೆರಕೆಯೊಡನೆ. ಇಂಗ್ಲಿಷಿನಲ್ಲಿ ನಾಯ್ಸ್ ಎನ್ನುವುದಕ್ಕೆ ಬೆರಕೆ ಎಂದು ಹೆಸರಿಟ್ಟವರು ನನ್ನ ಅಪ್ಪ.

ಅಪ್ಪ ನಿವೃತ್ತ ಗಣಿತ ಮೇಷ್ಟ್ರು. 2023ರ ಗಣೇಶ ಹಬ್ಬಕ್ಕೆ ಹೋಗಿದ್ದಾಗ, "ಸುಳ್ಳು ಬೆರೆಸಿದ ಲೆಕ್ಕದಿಂದ ನಿಜ ಹೇಗಮ್ಮ ಬರುತ್ತದೆ?" ಎಂದು ಕೇಳಿದರು. ಅವರ ಕೈಗೆ ಐದು ರೂಪಾಯಿಯ ನಾಣ್ಯ ಕೊಟ್ಟೆ. ನೂರು ಮಕ್ಕಳನ್ನು, ನೀವು ಪರೀಕ್ಷೆಯಲ್ಲಿ ನಕಲು ಮಾಡಿದ್ದೀರಾ ಎಂದು ಕೇಳುವುದು. ಒಬ್ಬೊಬ್ಬರೂ ಮರೆಯಲ್ಲಿ ನಾಣ್ಯ ಚಿಮ್ಮಬೇಕು. ತಲೆ ಬಿದ್ದರೆ ನಿಜ ಹೇಳಬೇಕು. ಬಾಲ ಬಿದ್ದರೆ ಇನ್ನೊಮ್ಮೆ ಚಿಮ್ಮಿ, ತಲೆಯಾದರೆ ಹೌದು, ಬಾಲವಾದರೆ ಇಲ್ಲ ಎನ್ನಬೇಕು. ನಲವತ್ತು ಮಕ್ಕಳು ಹೌದು ಎಂದರು ಎಂದಿಟ್ಟುಕೊಳ್ಳಿ. ನಾನು ಮಾತು ಮುಗಿಸುವ ಮೊದಲೇ ಅಪ್ಪ ಪತ್ರಿಕೆಯ ಅಂಚಿನಲ್ಲಿ ಬರೆಯತೊಡಗಿದ್ದರು: ಐವತ್ತು ಮಂದಿಯದು ನಾಣ್ಯದ ಉತ್ತರ, ಅದರಲ್ಲಿ ಇಪ್ಪತ್ತೈದು ಹೌದು. ನಲವತ್ತರಲ್ಲಿ ಇಪ್ಪತ್ತೈದು ಕಳೆದರೆ ಹದಿನೈದು. ನಿಜ ಹೇಳಿದ ಐವತ್ತರಲ್ಲಿ ಹದಿನೈದು, ಅಂದರೆ ನೂರಕ್ಕೆ ಮೂವತ್ತು. ಪೆನ್ನು ಕೆಳಗಿಟ್ಟು, "ಯಾವ ಮಗುವನ್ನೂ ಹಿಡಿಯಲು ಆಗುವುದಿಲ್ಲ, ಆದರೆ ಶಾಲೆಯ ಸ್ಥಿತಿ ತಿಳಿಯುತ್ತದೆ" ಎಂದರು. ಸ್ಟ್ಯಾನ್ಲಿ ವಾರ್ನರ್ ಎಂಬುವರು ಈ ಬಗೆಯ ಉಪಾಯವನ್ನು 1965ರಲ್ಲೇ ಪ್ರಕಟಿಸಿದ್ದರು. ನಮ್ಮ ಕೆಲಸದಲ್ಲಿ ನಾಣ್ಯದ ಜಾಗದಲ್ಲಿ ಬ್ರೌಸರ್ ಇತ್ತು.

ಆ ಸಂಜೆ ಅಪ್ಪ ತಾವು 1991ರ ಜನಗಣತಿಗೆ ಹೋದದ್ದನ್ನು ಹೇಳಿದರು. ಮದುವೆಯಾದ ಹೆಂಗಸರಿಗೆ ಎಷ್ಟು ಮಕ್ಕಳು ಹುಟ್ಟಿದರು, ಈಗ ಎಷ್ಟು ಉಳಿದಿದ್ದಾರೆ ಎಂದು ಕೇಳುವ ಕಲಮು ಆ ಚೀಟಿಯಲ್ಲಿತ್ತು. ಒಂದು ಮನೆಯ ಅಜ್ಜಿ ಏಳು ಎಂದರು, ಆಮೇಲೆ ಎರಡು ಎಂದರು, ಆಮೇಲೆ ಒಳಗೆ ಹೋಗಿ ಬೆಲ್ಲ ನೀರು ತಂದುಕೊಟ್ಟರು. ಯಾವ ಮನೆ ಎಂದು ಅಮ್ಮ ಎಷ್ಟೋ ಸಲ ಕೇಳಿದ್ದಾರಂತೆ. ಅಪ್ಪ ಇವತ್ತಿಗೂ ಹೇಳಿಲ್ಲ. ಚೀಟಿಗಳಿದ್ದ ಬಟ್ಟೆ ಚೀಲವನ್ನು ಒಪ್ಪಿಸುವವರೆಗೆ ಮನೆಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ. 1948ರ ಜನಗಣತಿ ಕಾಯ್ದೆಯ 15ನೆಯ ಕಲಮಿನ ಪ್ರಕಾರ ಆ ದಾಖಲೆಗಳನ್ನು ಯಾರೂ ಪರಿಶೀಲಿಸುವಂತಿಲ್ಲ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಯೂ ಬಳಸುವಂತಿಲ್ಲ. "ಎಣಿಸಲು ಹೋದವನು ಇಣುಕಬಾರದು" ಎಂದರು ಅಪ್ಪ. ನನ್ನ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ವಿವರಣೆ ನನಗೆ ಇನ್ನೂ ಸಿಕ್ಕಿಲ್ಲ.

ಇದೆಲ್ಲ ಸಲೀಸಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಧಾರವಾಡದಲ್ಲಿ ಕಸೂತಿ ಸೀರೆ ಮಾರುವ ಒಬ್ಬ ಹೆಣ್ಣುಮಗಳು ನಮ್ಮ ಗ್ರಾಹಕರು. ದಿನಕ್ಕೆ ಮೂರೋ ನಾಲ್ಕೋ ಸೀರೆ ಹೋಗುತ್ತವೆ. ನಾನು ಉತ್ಸಾಹದಲ್ಲಿ ಐದು ಜಾಹೀರಾತು, ಹನ್ನೆರಡು ಜಿಲ್ಲೆ ಎಂದು ಅರವತ್ತು ಖಾನೆಗಳ ದೈನಂದಿನ ವರದಿ ಮಾಡಿಕೊಟ್ಟೆ. ಮೊದಲ ವಾರವೇ ಅವರ ಕರೆ ಬಂತು. "ಮೇಡಂ, ಹಾವೇರಿಯ ಎದುರು ಮೈನಸ್ 812 ರೂಪಾಯಿ ಎಂದಿದೆ. ನಾನು ಅಲ್ಲಿ ಸೀರೆ ಮಾರಿದೆನೋ, ವಾಪಸು ಕೊಂಡೆನೋ?"

ತಪ್ಪು ನನ್ನದೇ. ಜಾಹೀರಾತಿನ ಪ್ರತಿ ಕ್ಲಿಕ್ಕಿಗೆ, ವರದಿಗಳಲ್ಲಿ ಬಳಸಿಕೊಳ್ಳಲು, ಬ್ರೌಸರ್ ಕೊಡುವ ಒಟ್ಟು ಪಾಲು 65,536. ಅರ್ಧವನ್ನು ಸೀರೆಗಳ ಸಂಖ್ಯೆಗೂ ಅರ್ಧವನ್ನು ಬೆಲೆಗೂ ಹಂಚಿದ್ದೆ. ಗರಿಷ್ಠ ಬೆಲೆ ಐದು ಸಾವಿರ, ಬೆರಕೆ ಎಷ್ಟಿರಬೇಕು ಎಂದು ನಿರ್ಧರಿಸುವ ಎಪ್ಸಿಲಾನ್ ಎಂಬ ಅಂಕಿ ಹತ್ತು. ಲೆಕ್ಕ ಹಾಕಿದರೆ ಒಂದೊಂದು ಖಾನೆಗೂ ಬೆರಕೆ ಸರಾಸರಿ ಸಾವಿರ ರೂಪಾಯಿ ಅತ್ತಲೋ ಇತ್ತಲೋ ಬೀಳುತ್ತದೆ. ಸೀರೆಯೇ ಮಾರದ ಐವತ್ತಾರು ಖಾನೆಗಳಲ್ಲಿ ಕಾಣುವುದು ಬರೀ ಬೆರಕೆ. ಜಿಲ್ಲೆಗಳನ್ನು ತೆಗೆದೆ, ದಿನದ ಬದಲು ವಾರಕ್ಕೊಮ್ಮೆ ಮೊತ್ತ ತೆಗೆದೆ. ಬಂದ ಅಂಕಿ ಅವರ ಅಂಗಡಿಯ ಪುಸ್ತಕದೊಡನೆ ಸಾಕಷ್ಟು ಹತ್ತಿರ ಕೂತಿತು. ಯಾವ ಜಾಹೀರಾತು ಫಲ ಕೊಡುತ್ತಿದೆ ಎಂದು ತಿಳಿಯಲು ಅಷ್ಟು ಸಾಲುತ್ತದೆ. ಹಾವೇರಿಯಲ್ಲಿ ಬುಧವಾರ ಕೊಂಡವರು ಯಾರು ಎಂಬುದು ಅವರಿಗೂ ಬೇಕಿರಲಿಲ್ಲ. ವರ್ಷಗಟ್ಟಲೆ ಅಂಥ ವರದಿಗಳನ್ನೇ ಕೊಟ್ಟು ಆ ರೂಢಿ ಹಿಡಿಸಿದವರು ನಮ್ಮ ಉದ್ಯಮದವರು.

ಹಾಗಾದರೆ ಕೈಬಿಟ್ಟದ್ದು ಏಕೆ? ಬಳಸುವವರು ಕಡಿಮೆ ಎಂಬುದು ಗೂಗಲ್ ಕೊಟ್ಟ ಕಾರಣಗಳಲ್ಲೊಂದು. ಅದು ನಿಜ. ಆದರೆ ಕಡಿಮೆಯಾದದ್ದು ಏಕೆ ಎಂದೂ ಕೇಳಬೇಕಲ್ಲ. ಥರ್ಡ್ ಪಾರ್ಟಿ ಕುಕಿಯನ್ನು ಎರಡು ವರ್ಷದೊಳಗೆ ಕ್ರೋಮ್‌ನಿಂದ ತೆಗೆಯುತ್ತೇವೆ ಎಂದು 2020ರ ಜನವರಿಯಲ್ಲಿ ಹೇಳಿದರು. 2021ರಲ್ಲಿ ಗಡುವು ಮುಂದೆ ಹೋಯಿತು, 2022ರಲ್ಲಿ ಮತ್ತೆ. 2024ರ ಜನವರಿ 4ರಂದು ನೂರಕ್ಕೆ ಒಬ್ಬರಿಗೆ ಕುಕಿ ನಿಲ್ಲಿಸಿದಾಗ ನಮ್ಮ ಕಚೇರಿಯಲ್ಲಿ ಹಬ್ಬದ ಸಡಗರ. ಏಪ್ರಿಲ್‌ನಲ್ಲಿ ಮತ್ತೆ ಗಡುವು ಹೋಯಿತು. ಜುಲೈನಲ್ಲಿ, ತೆಗೆಯುವುದೇ ಇಲ್ಲ, ಬಳಕೆದಾರರನ್ನು ಕೇಳುತ್ತೇವೆ ಎಂದರು. 2025ರ ಏಪ್ರಿಲ್‌ನಲ್ಲಿ, ಪ್ರತ್ಯೇಕವಾಗಿ ಕೇಳುವುದೂ ಇಲ್ಲ ಎಂದರು. ಹಳೆಯ ಬಾಗಿಲು ಹಾರು ಹೊಡೆದಿರುವಾಗ ಹೊಸ ಬಾಗಿಲ ಬೀಗ ತೆರೆಯುವ ಕಷ್ಟ ಯಾರು ಪಡುತ್ತಾರೆ? ಗೂಗಲ್ ತಾನೇ ಜಾಹೀರಾತು ಮಾರುವ ಕಂಪನಿಯಾದ್ದರಿಂದ ಎದುರಾಳಿಗಳಿಗೆ ಅನುಮಾನವಿತ್ತು, ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ವರ್ಷಗಟ್ಟಲೆ ಕಣ್ಣಿಟ್ಟಿತ್ತು. ಆ ಅನುಮಾನ ತಪ್ಪೆಂದು ನಾನು ಹೇಳುವುದಿಲ್ಲ.

ಫೈರ್‌ಫಾಕ್ಸ್‌ನವರೂ 2024ರ ಜುಲೈನಲ್ಲಿ, 128ನೆಯ ಆವೃತ್ತಿಯಲ್ಲಿ, ಇಂಥದ್ದೇ ಒಂದು ಪ್ರಯೋಗ ಮಾಡಿದ್ದರು. ಅವರ ಗಣಿತ ನನಗೆ ಇಷ್ಟವಾಗಿತ್ತು. ಆದರೆ ಯಾರನ್ನೂ ಕೇಳದೆ ಮೊದಲೇ ಚಾಲೂ ಮಾಡಿಟ್ಟರು. ಜನ ಸಿಟ್ಟಾದರು, ಸೆಪ್ಟೆಂಬರ್‌ನಲ್ಲಿ ಖಾಸಗಿತನದ ಹಕ್ಕಿಗಾಗಿ ಹೋರಾಡುವ ಆಸ್ಟ್ರಿಯಾದ ನೋಯ್ಬ್ ಸಂಸ್ಥೆ ದೂರು ಕೊಟ್ಟಿತು. ಗಣತಿಗೆ ಹೋದವರು ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ಎಷ್ಟೇ ಗುಟ್ಟು ಕಾಪಾಡುವ ಗಣತಿಯಾದರೂ ಅದಕ್ಕೆ ವಿನಾಯಿತಿಯಿಲ್ಲ.

ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯಲ್ಲಿ ಇಂಥ ಎಣಿಕೆಗೆ ಎಲ್ಲ ಬ್ರೌಸರ್‌ಗಳಿಗೂ ಹೊಂದುವ ಒಂದು ಮಾನದಂಡದ ಕೆಲಸ ನಡೆಯುತ್ತಿದೆ. ಅದರ ಕರಡನ್ನು ಬಿಡುವಿದ್ದಾಗ ಓದುತ್ತೇನೆ, ಅರ್ಥವಾಗದ ಕಡೆ ಗುರುತು ಹಾಕಿಡುತ್ತೇನೆ. ಊರಿಗೆ ಹೋದಾಗ ಅಪ್ಪನೊಡನೆ ಕೂತು ಲೆಕ್ಕ ಬಿಡಿಸುತ್ತೇನೆ.

ನಾವು ಡಿಸೆಂಬರ್ 1ರಂದು ಹೊಸ ಜಾಹೀರಾತು ಕ್ಲಿಕ್ಕುಗಳ ನೋಂದಣಿ ನಿಲ್ಲಿಸಿದೆವು. ಸರ್ವರ್ ಮಾತ್ರ ಆರಿಸಲಿಲ್ಲ, ಏಕೆಂದರೆ ಮೂವತ್ತು ದಿನದ ಗಡುವಿನ ವರದಿಗಳು ಇನ್ನೂ ದಾರಿಯಲ್ಲಿದ್ದವು. ಅವು ಬರುವವರೆಗೆ ನೋಡಿಕೊಳ್ಳುತ್ತೇನೆ ಎಂದು ನಾನೇ ಕೇಳಿ ವಹಿಸಿಕೊಂಡೆ. ಮೊದಲ ವಾರ ನೂರಾರು, ಆಮೇಲೆ ಹತ್ತಾರು, ಕ್ರಿಸ್‌ಮಸ್ ಹೊತ್ತಿಗೆ ಇಡೀ ದಿನ ಒಂದೂ ಇಲ್ಲ. ಗಡುವು ತುಂಬುವಾಗ ಮತ್ತೊಮ್ಮೆ ನೂಕುನುಗ್ಗಲು. 31ರ ಬೆಳಗಿನ ಜಾವ ಕೊನೆಯದು ಬಂತು. ಧಾರವಾಡದ ಅಂಗಡಿಯದೇ. ನವೆಂಬರ್ ಕೊನೆಯಲ್ಲಿ ಯಾರೋ ಜಾಹೀರಾತು ಒತ್ತಿದ್ದರು. ಸಂಖ್ಯೆ 3, ನಮ್ಮ ಕೋಷ್ಟಕದಲ್ಲಿ ಅದರ ಅರ್ಥ ಖರೀದಿ. ಕೆಳಗೆ ಎಂದಿನಂತೆ 0.0024263 ಎಂಬ ಅಂಕಿ, ಅಂದರೆ ಸಾವಿರಕ್ಕೆ ಎರಡಕ್ಕಿಂತ ತುಸು ಹೆಚ್ಚು ಕ್ಲಿಕ್ಕುಗಳಿಗೆ ನಿಜದ ಬದಲು ಬ್ರೌಸರ್ ತಾನೇ ಚಿಮ್ಮಿದ ನಾಣ್ಯದ ಉತ್ತರ ಬರುತ್ತದೆ. ಯಾರೋ ಒಬ್ಬರು ಸೀರೆ ಕೊಂಡಿದ್ದರು, ಅಥವಾ ಕೊಂಡೇ ಇರಲಿಲ್ಲ. ವಾರದ ಮೊತ್ತಕ್ಕೆ ಒಂದು ಸೇರಿಸಿ, ಬೆಳಕು ಹರಿದ ಮೇಲೆ ಸರ್ವರ್ ಆರಿಸಿದೆ.