ಕೊರೊನಾ ಕಾಲದಲ್ಲಿ ಪರೀಕ್ಷಾ ವಿಭಾಗದ ಫೋನ್ ಎತ್ತಿದವನ ಮಾತು

ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ಪರೀಕ್ಷಾ ವಿಭಾಗದ ಕೆಲಸ ನನ್ನದು. ಅರ್ಜಿ, ಫೀ, ಹಾಲ್ ಟಿಕೆಟ್, ಮಾರ್ಕ್ಸ್ ಕಾರ್ಡ್. ಕುಲಪತಿ ಯಾರು ಅಂತ ಎಷ್ಟೋ ಹುಡುಗರಿಗೆ ಗೊತ್ತಿರಲ್ಲ. ಕಿಟಕಿ ಹಿಂದೆ ಕೂತ ಗುಮಾಸ್ತ ಎಲ್ಲರಿಗೂ ಗೊತ್ತು. ಬೈಗುಳವೂ ಅವನಿಗೇ.

ದೇಶದ ಮೊದಲ ಕೊರೊನಾ ಸಾವು ನಮ್ಮೂರಿನವರದ್ದೇ, 2020ರ ಮಾರ್ಚ್ 10ಕ್ಕೆ. ಹಾಸ್ಟೆಲ್‌ಗಳು ಖಾಲಿಯಾದವು. ಸೇಡಂ, ಚಿಂಚೋಳಿ, ಸುರಪುರ ಕಡೆಯ ಹುಡುಗರು ಊರು ಸೇರಿದರು. ಕಿಟಕಿ ಮುಚ್ಚಿತು, ಫೋನ್ ಶುರುವಾಯಿತು. "ಪರೀಕ್ಷಾ ಅದಾವೋ ಇಲ್ವೋ, ನೀವಾದ್ರೂ ಖರೇ ಹೇಳ್ರಿ ಸರ್."

ಖರೇ ಏನಂದರೆ ನಮಗೂ ಗೊತ್ತಿರಲಿಲ್ಲ. ಏಪ್ರಿಲ್ ಕೊನೆಗೆ ದೇಶದ ವಿಶ್ವವಿದ್ಯಾಲಯಗಳ ಮೇಲಿನ ಆಯೋಗ ಯುಜಿಸಿ ಒಂದು ಮಾರ್ಗಸೂಚಿ ಕೊಟ್ಟಿತು, ಜುಲೈ 6ಕ್ಕೆ ಅದನ್ನು ಬದಲಿಸಿ, ಕೊನೇ ವರ್ಷದವರ ಪರೀಕ್ಷೆ ಸೆಪ್ಟೆಂಬರ್ ಒಳಗೆ ಮುಗಿಸಿ ಅಂದಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಪರೀಕ್ಷೆ ಇಲ್ಲದೆ ಕೊನೇ ವರ್ಷದವರನ್ನು ಪಾಸು ಮಾಡುವಂತಿಲ್ಲ ಎಂಬ ತೀರ್ಪು ಬಂದದ್ದು ಆಗಸ್ಟ್ 28ಕ್ಕೆ. ಈ ನಡುವೆ ಹಳೇ ಸುತ್ತೋಲೆಯ ತಾರೀಖು ತಿದ್ದಿದ ಪಿಡಿಎಫ್‌ಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಿದ್ದವು. ಅವು ನೋಡೋಕೆ ನಮ್ಮ ಸುತ್ತೋಲೆಗಿಂತ ಚೆನ್ನಾಗಿರುತ್ತಿದ್ದವು, ಅದು ಬೇರೆ ಮಾತು.

ನಮ್ಮ ಸೂಪರಿಂಟೆಂಡೆಂಟ್ ಒಂದು ಉಪಾಯ ಹೇಳಿದರು: "ಏನೂ ಬಂದಿಲ್ಲ ಅನ್ನೋದನ್ನೂ ನೋಟಿಸ್ ಮಾಡಿ ಹಾಕ್ರಿ." ಪ್ರತಿ ಶನಿವಾರ ಗ್ರೂಪಿಗೆ ಒಂದು ಸಂದೇಶ ಹಾಕತೊಡಗಿದೆವು. ಏನು ನಿಶ್ಚಯವಾಗಿದೆ, ಉಳಿದದ್ದು ಯಾರ ಕೈಯಲ್ಲಿದೆ, ಮತ್ತೆ ಯಾವತ್ತು ತಿಳಿಸುತ್ತೇವೆ. ಕೆಳಗೆ ಹೆಸರು, ಸಹಿ. ಹುಡುಗರು ಅದಕ್ಕೆ 'ಶನಿವಾರದ ಏನಿಲ್ಲ' ಅಂತ ಹೆಸರಿಟ್ಟು ನಕ್ಕರು. ಆದರೆ ಫೋನ್ ಕಡಿಮೆಯಾಯಿತು. ಸುಳ್ಳು ಪಿಡಿಎಫ್ ಬಂದರೆ "ಇದು ಖರೇನಾ ಸರ್" ಅಂತ ನಮ್ಮನ್ನೇ ಕೇಳತೊಡಗಿದರು.

ಕಷ್ಟವಾದದ್ದು ಅಂಕಗಳ ವಿಷಯ. ಕೊನೇ ವರ್ಷ ಬಿಟ್ಟು ಉಳಿದವರಿಗೆ ಪರೀಕ್ಷೆ ಇಲ್ಲದೆ ಅಂಕ: ಅರ್ಧ ಇಂಟರ್ನಲ್, ಅಂದರೆ ಕಾಲೇಜಿನೊಳಗೇ ಕೊಡುವ ಅಂಕ, ಅರ್ಧ ಹಿಂದಿನ ಸೆಮಿಸ್ಟರ್. ಎರಡನೇ ಸೆಮಿಸ್ಟರಿನ ಒಬ್ಬ ಹುಡುಗಿ ಬಿಟ್ಟೂಬಿಡದೆ ಫೋನ್ ಮಾಡುತ್ತಿದ್ದಳು. ಮೊದಲ ಸೆಮಿಸ್ಟರ್ ಜ್ವರದಲ್ಲಿ ಬರೆದು ಅಂಕ ಕಳೆದುಕೊಂಡಿದ್ದಳು, ಈ ಸಲ ಓದಿದ್ದಳು. "ನಿಯಮ ಹಂಗದ" ಅಂದರೆ ಇಂಥವರಿಗೆ ಸಾಕಾಗುತ್ತದಾ? ಹಾಳೆ ತಗೊಂಡು ಲೆಕ್ಕ ಬರೆದೆ. ಇಂಟರ್ನಲ್ 20ಕ್ಕೆ 16, ಅಂದರೆ 50ಕ್ಕೆ 40. ಹಿಂದಿನ ಸೆಮಿಸ್ಟರ್ ಶೇ. 40, ಅಂದರೆ 50ಕ್ಕೆ 20. ಒಟ್ಟು 60. ಫೋಟೋ ತೆಗೆದು ಕಳಿಸಿದೆ. ನೆಟ್‌ವರ್ಕಿಗೆ ಮಾಳಿಗೆ ಹತ್ತಿ ನೋಡಿ, ಆಮೇಲೆ ಫೋನ್ ಮಾಡಿದಳು: "ಲೆಕ್ಕ ತಿಳೀತು ಸರ್. ಆದ್ರ ನಾ ಒಪ್ಪಂಗಿಲ್ಲ."

ಅವಳು ಒಪ್ಪಬೇಕಾಗಿಯೂ ಇರಲಿಲ್ಲ. ನನಗೂ ಆ ನಿಯಮ ಪೂರ್ತಿ ಸರಿ ಅನ್ನಿಸಿರಲಿಲ್ಲ. ಆದರೆ ಕಾಲೇಜಿನವರು ತನ್ನ ಅಂಕ ತಿಂದರು ಅನ್ನುವ ಅನುಮಾನ ಹೋಯಿತು. ಸಿಟ್ಟು ಉಳಿಯಿತು, ಅದು ನಿಯಮದ ಮೇಲೆ. ಆಫೀಸಿನಲ್ಲಿ ಕೂತವರಿಗೆ ಈ ಎರಡರ ನಡುವಿನ ವ್ಯತ್ಯಾಸ ಗೊತ್ತಿರಬೇಕು. ಇಲ್ಲದಿದ್ದರೆ ಸಿಟ್ಟು ಮಾಡಿದವರನ್ನೆಲ್ಲ ತಕರಾರಿನವರು ಅಂತ ಪಕ್ಕಕ್ಕೆ ಸರಿಸಿಬಿಡುತ್ತೇವೆ.

ನವೆಂಬರ್ 17ಕ್ಕೆ ಪದವಿ ಕಾಲೇಜು ಮತ್ತೆ ತೆರೆದವು. ಹುಡುಗರು ಮಾಸ್ಕ್ ಹಾಕಿಕೊಂಡು ಕಿಟಕಿಗೆ ಬಂದು ಕೇಳಿದ್ದು ಒಂದೇ: ಪರೀಕ್ಷೆಯೇ ನಡೆಯದ ಮೇಲೆ ಪರೀಕ್ಷಾ ಫೀ ಯಾಕೆ ತಗೊಂಡ್ರಿ? ಪ್ರಶ್ನೆ ಬರೆದು ಮೇಲೆ ಕಳಿಸಿದೆವು. ಅದೇ ಬ್ಯಾಚಿನವರು ಟಿಸಿ ತಗೊಳ್ಳಲು ಬಂದಾಗಲೂ ಕೇಳಿದರು. "ಉತ್ತರ ಇನ್ನೂ ಬಂದಿಲ್ಲ" ಅಂದೆ.