ನಾಲ್ಕು ಗಂಟೆ ಸುಮ್ನೆ ಮಲಗಿರ್ತಾನಲ್ಲ

"ಅಣ್ಣ ಹೇಗೂ ನಾಲ್ಕು ಗಂಟೆ ಸುಮ್ನೆ ಮಲಗಿರ್ತಾನಲ್ಲ, ಆಗಲೇ ಸಹಿ ಹಾಕಿಸಿಕೊಂಡ್ರಾಯ್ತು" ಅಂತ ಚಿಕ್ಕಪ್ಪ ಮೊನ್ನೆ ಆಸ್ತಿ ಕಾಗದ ಹಿಡಿದು ಡಯಾಲಿಸಿಸ್ ವಾರ್ಡಿಗೇ ಬಂದರು. ಆಗ ಡಯಾಲಿಸಿಸ್ ಶುರುವಾಗಿ ಮೂರನೇ ಗಂಟೆ. ಅಪ್ಪ ಕಾಗದ ನೋಡಿದರು, ಪೆನ್ನು ನೋಡಿದರು. "ಇದು ಯಾರ ಜಾಗ?" ಅಂದರು. ಚಿಕ್ಕಪ್ಪ ನನ್ನ ಕಡೆ ತಿರುಗಿ, ಅಪ್ಪನಿಗೆ ಕೇಳಿಸುವಷ್ಟು ಜೋರಾಗಿಯೇ, "ಅಣ್ಣನಿಗೆ ಮರೆವು ಶುರುವಾಗಿದೆ ಕಣಮ್ಮ" ಅಂದುಬಿಟ್ಟರು.

ಇದು ಯಾರ ಜಾಗ? ವಾರವೆಲ್ಲ ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಮಾರನೇ ದಿನ ಅಪ್ಪ ಅದೇ ಕಾಗದ ಓದಿ ಎರಡು ತಪ್ಪು ತೋರಿಸಿದರು, ಅದು ಬೇರೆ ಮಾತು.

ಆ ಹೊತ್ತಿನಲ್ಲಿ ಅಪ್ಪ ಯಾಕೆ ಹಾಗಂದರು ಅಂತ ಡಾಕ್ಟರನ್ನು ಕೇಳಿದೆ. ಮೆದುಳಿನ ತೂಕ ಮೈತೂಕದ ಶೇ. 2ರಷ್ಟು. ಆದರೆ ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಶೇ. 15 ಅದಕ್ಕೇ ಬೇಕು. ಡಯಾಲಿಸಿಸ್‌ನಲ್ಲಿ ಕಿಡ್ನಿ ಕೆಲಸ ಮಾಡದೆ ಮೈಯಲ್ಲಿ ನಿಂತ ನೀರನ್ನು, ಕೆಲವೊಮ್ಮೆ 2-3 ಲೀಟರನ್ನು, ಕೆಲವೇ ಗಂಟೆಗಳಲ್ಲಿ ತೆಗೆಯುತ್ತಾರೆ. ಅಂಗಾಂಶಗಳಿಂದ ನೀರು ರಕ್ತಕ್ಕೆ ಬರುವುದು ನಿಧಾನ, ಮೆಷಿನ್ ಎಳೆಯುವುದು ಬೇಗ. ಬಿಪಿ ಇಳಿಯುತ್ತದೆ, ಮೆದುಳಿಗೆ ಹೋಗುವ ರಕ್ತವೂ ಕಡಿಮೆಯಾಗಬಹುದು. ಆರೋಗ್ಯವಂತರ ಮೆದುಳಿನ ರಕ್ತನಾಳಗಳು ಹಿಗ್ಗಿ ಇದನ್ನು ಸರಿದೂಗಿಸುತ್ತವೆ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆಗಳಿಂದ ಪೆಡಸಾದ ನಾಳಗಳಿಗೆ ಅದು ಕಷ್ಟ. 2018ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ವಯಸ್ಸಾದ ರೋಗಿಗಳಿಗೆ ಡಯಾಲಿಸಿಸ್ ನಡೆಯುವಾಗಲೇ ರಕ್ತದ ಹರಿವು ತೋರಿಸುವ ಪೆಟ್ ಸ್ಕ್ಯಾನ್ ಮಾಡಿ ನೋಡಿದರು. ಮೆದುಳಿಗೆ ಹೋಗುವ ರಕ್ತ ಸರಾಸರಿ ಶೇ. 10ರಷ್ಟು ಕಡಿಮೆಯಾಗಿತ್ತು. ಕೆಲವರಲ್ಲಿ ಇನ್ನೂ ಜಾಸ್ತಿ.

ಸುಮ್ನೆ ಮಲಗಿರೋದಂತೆ!

ಚಿಕ್ಕಪ್ಪ ಕೆಟ್ಟವರಲ್ಲ, ಅವಸರದವರು. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ, ಡಯಾಲಿಸಿಸ್ ರೋಗಿಗಳಲ್ಲಿ ನಿಜವಾದ ಮರೆವೂ ಉಳಿದವರಿಗಿಂತ ಹೆಚ್ಚು. ಹಾಗಂತ ಅದನ್ನು ಮೂರನೇ ಗಂಟೆಯಲ್ಲಿ ಅಳೆಯುತ್ತಾರಾ? ಓಡಿ ಬಂದವನ ಎದೆಬಡಿತ ಎಣಿಸಿ ಹೃದಯರೋಗ ಅಂದ ಹಾಗಾಯ್ತು.

ಮಾಡಬಹುದಾದದ್ದೂ ಇದೆ. ಎರಡು ಡಯಾಲಿಸಿಸ್ ನಡುವಿನ ದಿನಗಳಲ್ಲಿ ಉಪ್ಪು, ನೀರು ಹಿಡಿತದಲ್ಲಿದ್ದರೆ ಮೆಷಿನ್ ಎಳೆಯಬೇಕಾದ ನೀರೂ ಕಡಿಮೆ. ಡಯಾಲಿಸಿಸ್ ದ್ರವವನ್ನು ಮೈಯ ಬಿಸಿಗಿಂತ ಅರ್ಧ ಡಿಗ್ರಿ ತಂಪಾಗಿಟ್ಟರೆ ಕೆಲವರಲ್ಲಿ ಬಿಪಿ ಅಷ್ಟಾಗಿ ಕುಸಿಯುವುದಿಲ್ಲ. ಹಾಗೆ ಒಂದು ವರ್ಷ ನಡೆಸಿದ ಪ್ರಯೋಗದಲ್ಲಿ ಮೆದುಳಿನ ಬಿಳಿಭಾಗಕ್ಕೂ (ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಂದೇಶ ಒಯ್ಯುವ ನರತಂತುಗಳಿಗೆ) ಪೆಟ್ಟು ಕಡಿಮೆ ಬಿದ್ದಿತ್ತು. ಅಪ್ಪನಿಗೆ ಚಳಿ ಅಂತ ಗೊಣಗಾಟ, ಕಂಬಳಿ ಹೊದಿಸಿದರಾಯ್ತು.

ನನಗೆ ಜಾಸ್ತಿ ಕೋಪ ಬಂದಿದ್ದು ಬೇರೆ ಕಡೆ. ಊಟದಲ್ಲಿ ಪೊಟ್ಯಾಶಿಯಂ, ಫಾಸ್ಫರಸ್ ಹಿಡಿತದಲ್ಲಿಡುವ ಪಾಠ, ಹೊಸ ಮಾತ್ರೆಯ ವಿವರ, ಒಪ್ಪಿಗೆ ಪತ್ರ, ಎಲ್ಲವೂ ನಡೆಯುವುದು ಅದೇ ಹೊತ್ತಿನಲ್ಲಿ. ಆಮೇಲೆ "ಹೇಳಿದ್ದು ತಲೆಗೇ ಹೋಗಲ್ಲ" ಅಂತ ದೂರು. ಸೂಜಿ ಹಾಕುವ ಮೊದಲೇ ಹೇಳಿ, ಇಲ್ಲ ಬೇರೆ ದಿನ ಫೋನ್ ಮಾಡಿ ಅಂತ ಡಯಟೀಷಿಯನ್‌ಗೆ ಕೇಳಿಕೊಂಡೆ. ಅವರು ನಕ್ಕು, "ಎಲ್ಲರೂ ಒಟ್ಟಿಗೆ ಸಿಗೋದು ಆಗ ಮಾತ್ರ ಅಲ್ವಾ" ಅಂದರು.